ದಿವಾನನ ಮೇಲೆ ಗುಮಾನಿ

ತರಬೇತಿ ಕೇಂದ್ರ
೨೮ ಅಕ್ಟೋಬರ್ ೨೦೨೪

ಸೃಷ್ಟಿ ಅಕ್ಕಾ,

ನಿನ್ನ ಪತ್ರ ಶನಿವಾರ ಬಂತು. ಬಂತು ಅಂದರೆ ನೇರ ನನ್ನ ಕೈಗಲ್ಲ. ಗೇಟಿನಲ್ಲಿ ಹವಾಲ್ದಾರ ಬಾಯಿಯವರು ಲಕೋಟೆ ಒಡೆದು, ಕನ್ನಡ ಅಕ್ಷರ ಕಂಡು ನನ್ನನ್ನು ಕರೆಸಿದರು. ಏನು ಬರೆದಿದೆ, ಮರಾಠಿಯಲ್ಲಿ ಹೇಳು ಎಂದರು. ನಿನ್ನ ಮೊದಲ ಸಾಲೇ "ರಾಜಕುಮಾರನ ಹೆಣ ಇನ್ನೂ ಬಾವಿಯಲ್ಲೇ ಇದೆ" ಎಂದಿತ್ತು. ಮನೆಯಲ್ಲಿ ಎಲ್ಲರೂ ಕ್ಷೇಮ ಎಂದು ಓದಿದೆ. ಇನ್ನು ಮೇಲೆ ದಯಮಾಡಿ ಮೊದಲ ಸಾಲಿನಲ್ಲಿ ಹೆಣ ಇಡಬೇಡ.

ಇಲ್ಲಿ ಮೊಬೈಲು ಭಾನುವಾರ ಮಾತ್ರ ಕೈಗೆ ಬರುತ್ತದೆ. ಆ ಹೊತ್ತೆಲ್ಲ ಅವ್ವನಿಗೇ ಸಾಲುವುದಿಲ್ಲ. ಹಾಗಾಗಿ ಆಟದಲ್ಲಿ ನನ್ನ ಪಾಲಿನದು ಪತ್ರದಲ್ಲೇ ನಡೆಯಬೇಕು. ಪಕ್ಕದ ಮಂಚದ ಹುಡುಗಿಗೆ ಇದೆಂಥ ಆಟ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. "ಪ್ರತಿ ಗುರುವಾರ ಮೇಜಿನ ಸುತ್ತ ಕೂಡುತ್ತೇವೆ. ಸೃಷ್ಟಿ ಅಕ್ಕ ಕಥೆ ನಡೆಸುತ್ತಾಳೆ. ಉಳಿದವರಿಗೆ ಒಂದೊಂದು ಪಾತ್ರ. ನಾನು ಕೋಟೆಯ ಕಾವಲುಪಡೆಯ ನಾಯಕಿ, ವಿಜಯ ದಿವಾನ, ಸೋಮನಾಥ ರಾಜವೈದ್ಯ. ಏನು ಮಾಡುತ್ತೇವೆಂದು ಬಾಯಿಂದ ಹೇಳುತ್ತೇವೆ. ಅದು ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ" ಎಂದೆ. ಗೆದ್ದರೆ ಏನು ಸಿಗುತ್ತದೆ ಎಂದು ಕೇಳಿದಳು. ಮುಂದಿನ ಗುರುವಾರ ಸಿಗುತ್ತದೆ ಎಂದೆ. ತಲೆ ಕೆಟ್ಟವಳನ್ನು ನೋಡಿದಂತೆ ನೋಡಿದಳು.

ಈಗ ನನ್ನ ತಕರಾರು. ನಾನು ಇಲ್ಲಿಗೆ ಬಂದ ಮೇಲೆ ನಿನ್ನ ಕೋಟೆಯಲ್ಲಿ ಬರೀ ಮಾತು. ರಾಣಿ ಮಾತಾಡುತ್ತಾಳೆ, ದಿವಾನ ಮಾತಾಡುತ್ತಾನೆ, ಅಡುಗೆಯವಳೂ ಕಂಬದ ಮರೆಯಲ್ಲಿ ನಿಂತು ಮಾತಾಡುತ್ತಾಳೆ. ನನ್ನ ನಾಯಕಿಯ ಕತ್ತಿ ಒರೆಯಲ್ಲೇ ಜಂಗು ಹಿಡಿಯುತ್ತಿದೆ. ರಾಜಕುಮಾರನನ್ನು ಬಾವಿಗೆ ನೂಕಿದವನು ದಿವಾನ ಎಂದು ಮಗುವಿಗೂ ಗೊತ್ತಾಗುತ್ತದೆ. ವಿಜಯ ಆ ಪಾತ್ರ ಆಡುವಾಗ ನಗುವ ರೀತಿ ನೋಡಿದ್ದೀಯಲ್ಲ?

ಅವ್ವ ಕುರಿ ಹೊಡೆದುಕೊಂಡು ನಿಮ್ಮ ವಳಸಂಗದ ಕಡೆ ಬರುವವಳಿದ್ದಾಳೆ. ಕಂಡರೆ ಮಾತಾಡಿಸು.

ನಿನ್ನ,
ಮನಿಷಾ

*

ವಳಸಂಗ
೮ ನವೆಂಬರ್ ೨೦೨೪

ಪ್ರೀತಿಯ ಮನಿಷಾ,

ಮನೆಯಲ್ಲಿ ಎಲ್ಲರೂ ಕ್ಷೇಮ. ಮೊದಲ ಸಾಲು ಹವಾಲ್ದಾರ ಬಾಯಿಯವರಿಗೆ ಅರ್ಪಣೆ.

ಕತ್ತಿ ಇಲ್ಲವೆಂದು ಬೈದಿದ್ದೀ. ನನ್ನ ಕಷ್ಟವನ್ನೂ ಕೇಳು. ಸೋಲಾಪುರದ ಹಾಸ್ಟೆಲಿನಲ್ಲಿ ನಾನು ಈ ಆಟ ಕಲಿತಾಗ ಅಲ್ಲಿ ಬರೀ ಹೊಡೆದಾಟ. ಬಾಗಿಲು ಒದಿ, ರಾಕ್ಷಸನನ್ನು ಕೊಲ್ಲು, ಮುಂದಿನ ಬಾಗಿಲು ಒದಿ. ನನಗೆ ಅದು ಬೇಗ ಬೇಸರವಾಯಿತು. ಆದರೆ ಬರೀ ದರ್ಬಾರಿನ ಒಳಮಾತೇ ನಡೆದರೆ ನಿನ್ನಂಥವರು ಆಕಳಿಸುತ್ತೀರಿ. ಕತ್ತಿಯೇ ನಡೆದರೆ ವಿಜಯನಿಗೆ ಕೆಲಸವಿಲ್ಲ. ಸೋಮನಾಥನಿಗೆ ಎರಡೂ ನಡೆಯುತ್ತದೆ, ಚಹಾ ಮಾತ್ರ ನಿಲ್ಲಬಾರದು.

ಅದಕ್ಕೇ ಹೊಸ ನಿಯಮ ಮಾಡಿದ್ದೇನೆ. ಎಲ್ಲರ ಮುಂದೆಯೂ ಒಂದೊಂದು ಹಿಡಿ ಹುಣಸೆ ಬೀಜ. ಅದು ದರ್ಬಾರಿಗೆ ನಿಮ್ಮ ಮೇಲಿರುವ ನಂಬಿಕೆ. ಕತ್ತಿ ಹಿರಿದಾಗಲೆಲ್ಲ ಒಂದು ಬೀಜ ನನ್ನ ಡಬ್ಬಿಗೆ. ಬೀಜ ತೀರಿದವರು ನಿಜ ಹೇಳಿದರೂ ಕೋಟೆಯಲ್ಲಿ ಯಾರೂ ಕಿವಿಗೊಡುವುದಿಲ್ಲ. ಹಾಗೆಂದು ಪಿಸುಮಾತಿನವರನ್ನೂ ಸುಮ್ಮನೆ ಬಿಟ್ಟಿಲ್ಲ. ಅವರು ಪಿಸುಗುಟ್ಟುತ್ತ ಕೂತಷ್ಟೂ ಹೊರಗಿನ ಶತ್ರು ಗೋಡೆಗೆ ಹತ್ತಿರವಾಗುತ್ತಾನೆ. ಕೈ ಎತ್ತಿದರೂ ಬೆಲೆ ತೆರಬೇಕು, ಬಾಯಿ ಬಿಟ್ಟರೂ ತೆರಬೇಕು.

ನಿನ್ನೆ ಗುರುವಾರ ಹೀಗೆಯೇ ಆಡಿದೆವು. ಬುರುಜಿನ ಮೆಟ್ಟಿಲಲ್ಲಿ ಮುಸುಕಿನವರು ನಿನ್ನ ನಾಯಕಿಯ ಮೇಲೆ ಬಿದ್ದರು. ನಿನ್ನ ಬದಲು ದಾಳ ನಾನು ಎಸೆದೆ, ಚಲೋ ಬಿತ್ತು. ಮುಂದೆ ರಾಣಿಯ ಔತಣವಿದೆ. ಅಲ್ಲಿ ಏನೋ ಆಗಲಿದೆ ಎಂದು ಎಲ್ಲರಿಗೂ ವಾಸನೆ ಹತ್ತಿದೆ. ಆಟ ಮುಗಿದ ಮೇಲೆ ವಿಜಯ ನಮ್ಮ ಮಾಳಿಗೆಯ ಮೆಟ್ಟಿಲಲ್ಲಿ ನಿಂತು ನನ್ನನ್ನು ಗುಟ್ಟಾಗಿ ಏನೋ ಕೇಳಿದ. ಏನೆಂದು ಹೇಳಲಾರೆ. ನಡೆಸುವವಳು ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಿದರೆ ಆಟವೇ ಮುಗಿಯಿತು.

ನಿಮ್ಮ ಅವ್ವನ ಕುರಿಗಳು ನಮ್ಮ ಹೊಲದಲ್ಲೇ ಬಿಡಾರ ಮಾಡಿವೆ. ಗೊಬ್ಬರಕ್ಕೆಂದು ಅಪ್ಪನೇ ನಿಲ್ಲಿಸಿಕೊಂಡಿದ್ದಾರೆ. ಯಮನವ್ವ ಜೋಳಕ್ಕೆ ನಮ್ಮ ಅಂಗಡಿಗೆ ಬಂದಾಗ "ನಮ್ಮ ಹುಡುಗಿ ಹೊಟ್ಟಿ ತುಂಬ ಉಣತೈತೇನ್ರಿ?" ಎಂದು ಕೇಳಿದರು. ಉಣ್ಣುತ್ತಾಳೆ ಎಂದೆ. ಸುಳ್ಳಾಗದಂತೆ ನೋಡಿಕೋ.

ಸೃಷ್ಟಿ

*

ತರಬೇತಿ ಕೇಂದ್ರ
೧೭ ನವೆಂಬರ್ ೨೦೨೪

ಸೃಷ್ಟಿ ಅಕ್ಕಾ,

ಇದು ನಿನಗೊಬ್ಬಳಿಗೇ. ನಾಯಕಿಯ ಗುಪ್ತ ಆಜ್ಞೆ: ಔತಣಕ್ಕೆ ಮೊದಲು ದಿವಾನ ತಾನಾಗಿ ನನ್ನ ಕೋಣೆಯ ಕಡೆ ಬಂದರೆ, ಅಥವಾ ಯಾರನ್ನಾದರೂ ಕಳಿಸಿದರೆ, ಏನು ಎತ್ತ ಎಂದು ಕೇಳುವುದಿಲ್ಲ. ಕೊಲ್ಲುತ್ತೇನೆ. ನನ್ನ ಬೀಜಗಳನ್ನೆಲ್ಲ ತೆಗೆದುಕೋ.

ಮೆಟ್ಟಿಲ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ. ಏನೆಂದು ಹೇಳುವುದು ಬೇಡ, ಹೌದು ಅಲ್ಲ ಎಂದಷ್ಟೇ ಹೇಳು. ಅವನು ಕೇಳಿದ್ದು ನನ್ನ ವಿಷಯವೇ?

ಆಟದ ಹೊರಗಿನ ಮಾತೂ ಒಂದಿದೆ. ಈ ಪೋಲೀಸ್ ಭರತಿಗೆ ನಾನು ಓಡುವ ಅಭ್ಯಾಸ ಮಾಡುವಾಗ ವಿಜಯನೂ ಬರುತ್ತಿದ್ದನಲ್ಲ. ಗುಡ್ಡಾಪುರದ ರಸ್ತೆಯಲ್ಲಿ ಬೆಳಿಗ್ಗೆ ಇಬ್ಬರೂ ಓಡುತ್ತಿದ್ದೆವು. ನಾನು ಪಾಸಾದೆ, ಅವನು ಆಗಲಿಲ್ಲ. ಫಲಿತಾಂಶದ ದಿನ ಅವನೇ ಮೊದಲು ಪೇಢೆ ತಂದು ಕೊಟ್ಟ. ಆವತ್ತಿನಿಂದ ನನ್ನ ಮುಂದೆ ಅವನ ನಗು ಜಾಸ್ತಿಯಾಗಿದೆ. ಸೋತವನು ಅಷ್ಟೊಂದು ಯಾಕೆ ನಗಬೇಕು? ಇಲ್ಲಿ ಕವಾಯತು ಕಲಿಸುವ ಉಸ್ತಾದರು ಹೇಳುತ್ತಾರೆ, ಬೈಯುವವನ ಮೇಲೆ ಒಂದು ಕಣ್ಣಿಡು, ನಗುವವನ ಮೇಲೆ ಎರಡೂ ಇಡು ಎಂದು.

ನೀನು ನಗಬೇಡ.

ಮನಿಷಾ

*

ವಳಸಂಗ
೪ ಡಿಸೆಂಬರ್ ೨೦೨೪

ಪ್ರೀತಿಯ ಮನಿಷಾ,

ಉತ್ತರ ತಡವಾಯಿತು. ಕೆಲಸ ಜಾಸ್ತಿ. ಟ್ಯೂಷನ್ ಹುಡುಗರ ಪರೀಕ್ಷೆ ಹತ್ತಿರ ಬಂದಿದೆ.

ಆಟ ಸದ್ಯ ನಿಂತಿದೆ. ಸೋಮನಾಥನ ಹಾಲಿನ ಗಾಡಿ ಕೆಟ್ಟು ಮಿರಜಿನಲ್ಲಿ ರಿಪೇರಿಗೆ ಬಿದ್ದಿದೆ, ಅವನಿಲ್ಲದೆ ಆಡುವುದು ಹೇಗೆ? ಗಾಡಿ ಬಂದ ಮೇಲೆ ನೋಡೋಣ. ನಿನ್ನ ಆಜ್ಞೆ ನನ್ನ ಹತ್ತಿರ ಭದ್ರವಾಗಿದೆ, ಯಾರಿಗೂ ಹೇಳಿಲ್ಲ.

ಕೆಲವು ದಿನ ಪತ್ರದಲ್ಲಿ ಆಟದ ವಿಷಯ ಬರೆಯಬೇಡ. ಸುಮ್ಮನೆ ಹೇಳುತ್ತಿದ್ದೇನೆ, ಏನೂ ಇಲ್ಲ. ಪರೇಡಿನ ಕಡೆ ಲಕ್ಷ್ಯ ಕೊಡು. ಚಳಿ ಬಂದಿದೆ, ಕಿವಿಗೆ ಕಟ್ಟಿಕೋ.

ಸೃಷ್ಟಿ

*

ತರಬೇತಿ ಕೇಂದ್ರ
೧೨ ಡಿಸೆಂಬರ್ ೨೦೨೪

ಸೃಷ್ಟಿ ಮೇಡಂ ಅವರಿಗೆ,

ನಿಮ್ಮ ಪತ್ರ ತಲುಪಿತು.

ಸೋಮನಾಥನ ಗಾಡಿ ಮಿರಜಿನಲ್ಲಿ ಕೆಟ್ಟು ನಿಂತಿದೆ ಎಂದು ಬರೆದಿದ್ದೀರಿ. ಅದಕ್ಕೆ ಮೊದಲಿನ ಭಾನುವಾರ ಅವ್ವ ಫೋನಿನಲ್ಲಿ, "ಸೋಮನಾಥ ತನ್ನ ಗಾಡ್ಯಾಗ ಕುಂಡ್ರಿಸಿಕೊಂಡು ಬಾಲಗಾಂವಕ್ಕ ಬಿಟ್ಟ. ಚಲೋ ಹುಡುಗ" ಎಂದಿದ್ದಳು. ಕೆಟ್ಟ ಗಾಡಿ ನಮ್ಮೂರು ಬಾಲಗಾಂವಕ್ಕೆ ಹೇಗೆ ಬಂತು ಎಂದು ನೀವು ತಿಳಿಸುವುದು ಬೇಡ. ನನಗೆ ತಿಳಿಯಿತು.

ಸೋಮವಾರ ಸಾಹೇಬರು ನನ್ನನ್ನು ಕರೆಸಿದ್ದರು. ನನ್ನ ಊರ ಕಡೆಯಿಂದ ಇನ್ನೊಮ್ಮೆ ವಿಚಾರಣೆ ಬಂದಿದೆಯಂತೆ. ವಳಸಂಗದಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ದಾಳ ಉರುಳಿಸಿ ಜೂಜಾಡುವ ಗುಂಪು ಸಿಕ್ಕಿದೆ, ಅಲ್ಲಿ ಒಂದು ಖಾಲಿ ಕುರ್ಚಿಯ ಮುಂದೆ ನನ್ನ ಹೆಸರಿನ ಚೀಟಿ ಇತ್ತಂತೆ. "ಯಾರು ಈ ಜನ? ನಿನಗೂ ಅವರಿಗೂ ಏನು ಸಂಬಂಧ?" ಎಂದು ಕೇಳಿದರು. ನನ್ನ ಬಗ್ಗೆ ನನಗಿಂತ ಅವರಿಗೇ ಹೆಚ್ಚು ಗೊತ್ತಿತ್ತು. ಚಾರಿತ್ರ್ಯದ ವರದಿ ಸರಿ ಬಾರದಿದ್ದರೆ ಗಣವೇಷ ಕಳಚಿಟ್ಟು ಮನೆಗೆ ಹೋಗಬೇಕು. ನಮ್ಮ ಮನೆತನದಲ್ಲಿ ಕುರಿಯ ಹಿಂದೆ ಹೋಗದೆ ಬೇರೆ ದಾರಿ ಹಿಡಿದವಳು ನಾನೊಬ್ಬಳೇ ಎಂದು ನಿಮಗೆ ಗೊತ್ತು.

ಪೋಲೀಸರು ನಿಮ್ಮ ಮನೆಗೆ ಬಂದು ಹೋಗಿದ್ದಾರೆ. ನೀವು ನನಗೆ ಕಿವಿಗೆ ಕಟ್ಟಿಕೋ ಎಂದು ಬರೆದಿದ್ದೀರಿ.

ಪೋಲೀಸರಿಗೆ ಯಾರು ಹೇಳಿಕೊಟ್ಟರು? ಮಾಳಿಗೆಯ ಮೇಲೆ ಕೂಡುವವರು ನಾಲ್ವರು. ನಾನು ಇಲ್ಲಿದ್ದೇನೆ. ನೀವು ನಿಮ್ಮ ಮನೆಯ ಮೇಲೆ ನೀವೇ ಪೋಲೀಸರನ್ನು ಕರೆಯಲಾರಿರಿ. ಸೋಮನಾಥನಿಗೆ ಅಷ್ಟು ದೂರದ ಬುದ್ಧಿ ಇಲ್ಲ. ಉಳಿದವನು ಒಬ್ಬನೇ. ನಾನು ಈ ಕೆಲಸ ಕಳೆದುಕೊಂಡರೆ ನಗುವವನೂ ಅವನೊಬ್ಬನೇ.

ಮನಿಷಾ

*

ವಳಸಂಗ
೧೯ ಡಿಸೆಂಬರ್ ೨೦೨೪

ಮನಿಷಾ,

ಮೇಡಂ ಎಂದು ಬರೆದಿದ್ದೀ, ನೀವು ಎಂದು ಬರೆದಿದ್ದೀ. ಓದಿ ಅಂಗಡಿಯ ಗಲ್ಲೆಯ ಹಿಂದೆ ಸುಮ್ಮನೆ ಕೂತೆ. ಅವ್ವ ಬಂದು ಜ್ವರ ಬಂದಿದೆಯೇ ಎಂದು ಹಣೆ ಮುಟ್ಟಿ ನೋಡಿದಳು.

ಗಾಡಿಯ ಮಾತು ಸುಳ್ಳು. ಒಪ್ಪಿದೆ. ಆದದ್ದನ್ನು ಈಗ ಹೇಳುತ್ತೇನೆ.

ನವೆಂಬರ್ ಮೂರನೆಯ ಗುರುವಾರ ಆಟ ನಡೆದಿತ್ತು. ನಮ್ಮೂರ ಪೋಲೀಸ್ ಪಾಟೀಲ ಶಿವಶರಣ ಕಾಕಾ ಠಾಣೆಯ ಒಬ್ಬ ಪೋಲೀಸನನ್ನು ಕರೆದುಕೊಂಡು ಮಾಳಿಗೆ ಹತ್ತಿ ಬಂದರು. ಮೇಜಿನ ಮೇಲೆ ದಾಳ, ಬೀಜ, ಕೋಟೆಯ ನಕಾಶೆ. ಹೆಸರು ಬರೆದುಕೊಂಡರು, ದಾಳ ಒಯ್ದರು. ನಿನ್ನ ಕುರ್ಚಿಯ ಮುಂದೆ ನಿನ್ನ ಹೆಸರಿನ ಚೀಟಿ ಇಟ್ಟದ್ದು ನಾನೇ. ನೀನು ಇದ್ದಂತೆ ಇರಲಿ ಎಂದು ಇಟ್ಟಿದ್ದೆ.

ನಾನೂ ಅಪ್ಪನೂ ಠಾಣೆಗೆ ಹೋದೆವು. ಫೌಜದಾರರು ಇಪ್ಪತ್ತು ಮುಖದ ದಾಳವನ್ನು ಬೆರಳಲ್ಲಿ ತಿರುಗಿಸುತ್ತ, "ಇದಕ್ಕ ಇಷ್ಟ್ಯಾಕ ಮುಖ? ಮೋಸ ಮಾಡ್ಲಿಕ್ಕೇನು?" ಎಂದರು.

"ಇಲ್ರಿ ಸಾಹೇಬ್ರ, ಕಥಿ ಮುಂದ ಹೋಗಲಿಕ್ರಿ."

"ಪಣಕ್ಕ ಏನ್ ಇಡತೀರಿ?"

"ಏನೂ ಇಲ್ರಿ."

"ಮತ್ತ ವಿಷ, ಖೂನಿ, ಕೈಕಾಲ ಕಟ್ಟೂದು, ಇದೆಲ್ಲ ಏನು? ಯಾರಿಗೆ ವಿಷ ಹಾಕಾವ್ರಿದ್ರಿ?"

ಇದಕ್ಕೆ ಬಾಯಲ್ಲಿ ಉತ್ತರ ಹೇಳಿದರೆ ಆಗುತ್ತಿರಲಿಲ್ಲ. "ಸಾಹೇಬ್ರ, ನೀವ ಒಂದ ಸಲ ಆಡಿ ನೋಡ್ರಿ" ಎಂದೆ. ಅಪ್ಪ ನನ್ನ ಮೊಳಕೈ ಜಗ್ಗಿದರು. ಸಾಹೇಬರನ್ನು ಕೋಟೆಯ ಬಾಗಿಲಿನ ಕಾವಲುಗಾರ ಮಾಡಿದೆ. ಹೊರಗೆ ಒಬ್ಬ ಮುದುಕ ನಿಂತಿದ್ದಾನೆ, ಜೋಳಿಗೆಯಲ್ಲಿ ಏನೋ ಅಲುಗುತ್ತಿದೆ, ಏನು ಮಾಡುತ್ತೀರಿ ಎಂದೆ. ಅವರು ತಕ್ಷಣ, "ಮೊದಲ ಜೋಳಗಿ ಕೆಳಗ ಇಡಂತೀನಿ" ಎಂದರು. ದಾಳ ಎಸೆದರು. ಸಣ್ಣ ಸಂಖ್ಯೆ ಬಿತ್ತು. ಮುದುಕ ಓಡಿಹೋದ. "ಇನ್ನೊಮ್ಮಿ ಒಗಿತೀನಿ, ತಡಿ" ಎಂದರು. ಪಕ್ಕದಲ್ಲಿ ನಿಂತ ಪೋಲೀಸರು ಬಾಯಿಗೆ ಕೈ ಅಡ್ಡ ಹಿಡಿದರು. ಜೂಜಲ್ಲ, ಕಥೆಯ ಆಟ ಎಂದು ವರದಿ ಬರೆದು ಕಳಿಸುತ್ತೇನೆ ಎಂದು ಒಪ್ಪಿದ್ದಾರೆ. ಕಾಗದ ನಿಮ್ಮ ಕೇಂದ್ರಕ್ಕೆ ತಲುಪಲು ಸ್ವಲ್ಪ ದಿನ ಹಿಡಿಯಬಹುದು. ಅಲ್ಲಿಯವರೆಗೆ ನಿನಗೆ ಚಿಂತೆ ಬೇಡವೆಂದು ಮುಚ್ಚಿಟ್ಟೆ. ಮುಚ್ಚಿಟ್ಟದ್ದು ತಪ್ಪಾಯಿತು.

ಹೇಳಿಕೊಟ್ಟವರು ವಿಜಯ ಅಲ್ಲ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಹೇಳಿದವರು ಕೆಟ್ಟ ಮನಸ್ಸಿನಿಂದ ಹೇಳಿಲ್ಲ. ಇಷ್ಟು ಸಾಕು ಎಂದುಕೋ.

ಭಾನುವಾರ ಯಾರ ಮುಂದೆಯೂ ಏನೂ ಹೇಳಬೇಡ, ನಿನ್ನ ಕಾಲು ಹಿಡಿಯುತ್ತೇನೆ.

ಸೃಷ್ಟಿ

*

ತರಬೇತಿ ಕೇಂದ್ರ
೨೬ ಡಿಸೆಂಬರ್ ೨೦೨೪

ಸೃಷ್ಟಿ ಮೇಡಂ ಅವರಿಗೆ,

ವಿಜಯ ಅಲ್ಲ ಎನ್ನುತ್ತೀರಿ, ಯಾರೆಂದು ಹೇಳುವುದಿಲ್ಲ. ಯಾರೆಂದು ಗೊತ್ತು, ಆದರೆ ಕೇಳಬೇಡ ಎನ್ನುತ್ತೀರಿ. ಇಂಥ ಹೇಳಿಕೆ ಕೊಡುವವರನ್ನು ಏನೆಂದು ತಿಳಿಯಬೇಕು ಎಂದು ನಮಗೆ ಇಲ್ಲಿ ಕಲಿಸಿದ್ದಾರೆ. ಒಂದು ಸಲ ಗಾಡಿ ಕೆಟ್ಟಿತ್ತು. ಈ ಸಲ ಏನು ಕೆಟ್ಟಿದೆಯೋ.

ಮೆಟ್ಟಿಲ ಮೇಲೆ ನಿಂತು ಅವನು ನಿಮ್ಮನ್ನು ಕೇಳಿದ್ದೇನು ಎಂಬುದಕ್ಕೂ ಇವತ್ತಿನವರೆಗೆ ಉತ್ತರವಿಲ್ಲ. ನೀವು ಅವನನ್ನು ಮರೆಮಾಚುತ್ತಿದ್ದೀರಿ. ಯಾಕೆ ಎಂದು ನಾನು ಕೇಳುವುದಿಲ್ಲ. ಅದು ನಿಮ್ಮಿಬ್ಬರ ವಿಷಯ.

ಭಾನುವಾರ ಅಮೋಗಸಿದ್ದ ಮಾಮಾನಿಗೆ ಫೋನು ಮಾಡಿ ಎಲ್ಲ ಹೇಳಿದ್ದೇನೆ. ನನಗೆ ಅಪ್ಪನಿಲ್ಲ, ಅವನೇ ಅಪ್ಪನ ಜಾಗದಲ್ಲಿದ್ದಾನೆ. "ನೀ ಚಿಂತಿ ಮಾಡಬ್ಯಾಡವ್ವ, ನಾ ನೋಡ್ಕೋತೀನಿ" ಎಂದಿದ್ದಾನೆ.

ಇನ್ನು ನೀವು ಬರೆಯದಿದ್ದರೂ ನಡೆಯುತ್ತದೆ.

ಮನಿಷಾ

*

ವಳಸಂಗ
೨ ಜನವರಿ ೨೦೨೫

ಮನಿಷಾ,

ನಿನ್ನ ಪತ್ರ ನನ್ನ ಕೈಗೆ ಬಂದದ್ದು ನಿನ್ನೆ. ನಿಮ್ಮ ಮಾಮಾ ಪತ್ರಕ್ಕಾಗಿ ಕಾಯಲಿಲ್ಲ.

ಎಳ್ಳ ಅಮಾವಾಸ್ಯೆಯ ದಿನ ಗುಡ್ಡಾಪುರ ಹೇಗಿರುತ್ತದೆ ನಿನಗೇ ಗೊತ್ತು. ದಾನಮ್ಮನ ದರ್ಶನಕ್ಕೆ ಬಂದ ಜನ ರಸ್ತೆಯ ತುಂಬ. ವಿಜಯನ ಝೆರಾಕ್ಸ್ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಯಾರದೋ ಆಧಾರ ಕಾರ್ಡಿನ ಪ್ರತಿ ತೆಗೆಯುತ್ತಿದ್ದನಂತೆ. ಅಮೋಗಸಿದ್ದ ಮಾಮಾ ಗಲ್ಲೆ ದಾಟಿ ಒಳಗೆ ಹೋಗಿ ಕೊರಳಪಟ್ಟಿ ಹಿಡಿದು ಹೊರಗೆ ಎಳೆದು, "ನಮ್ಮ ಹುಡುಗಿ ಅನ್ನಕ್ಕ ಕಲ್ಲ ಹಾಕತಿ?" ಎಂದು ಎಲ್ಲರೆದುರಿಗೆ ಕಪಾಳಕ್ಕೆ ಹೊಡೆದರು. ಒಂದು ಏಟಲ್ಲ. ಸೋಮನಾಥ ಓಡಿ ಬಂದು ಬಿಡಿಸುವಷ್ಟರಲ್ಲಿ ವಿಜಯನ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು. ಕಿವಿಯ ಪರದೆ ಹರಿದಿದೆ, ತಾನಾಗಿ ಕೂಡಬಹುದು, ಕೂಡದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

ಈಗ ಮುಚ್ಚಿಡುವುದು ಸಾಕು. ಪೋಲೀಸ್ ಪಾಟೀಲರ ಮನೆಗೆ ಹೋದವರು ನಿನ್ನ ಅವ್ವ.

ಆ ಗುರುವಾರ ಯಮನವ್ವ ಜೋಳಕ್ಕೆ ಬಂದಿದ್ದರು. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಮೇಲೆ ದನಿ ಕೇಳಿ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದಾರೆ. ನಾವು ಆಟದಲ್ಲಿ ನಾಯಕಿ, ವೈದ್ಯ ಎಂದು ಯಾವತ್ತು ಕರೆದಿದ್ದೇವೆ? ನಮ್ಮ ಹೆಸರುಗಳನ್ನೇ ಹೇಳುತ್ತೇವಲ್ಲ. ವಿಜಯ ಹೇಳುತ್ತಿದ್ದ, "ಊಟಕ್ಕಿಂತ ಮೊದಲ ಮನಿಷಾನ್ನ ಹಿಡಸಬೇಕು. ಸುಮ್ಮ ಬರಾಕಿ ಅಲ್ಲಾಕಿ, ಕೈಕಾಲ ಕಟ್ಟಬೇಕಾಗತೈತಿ." ಸೋಮನಾಥ, "ನಾ ಹಾಲಿನ್ಯಾಗ ನಿದ್ದಿ ಔಷಧ ಹಾಕಿ ಕೊಡ್ತೀನಿ ತಗೋ" ಎಂದ. ಹಾಲು ಮಾರುವ ಹುಡುಗ ಹಾಗೆಂದರೆ ಕೆಳಗೆ ನಿಂತ ತಾಯಿಗೆ ಏನಾಗಬೇಡ? ಶಿವಶರಣ ಕಾಕಾನ ಹೊಸ್ತಿಲ ಮೇಲೆ ಕೂತು ಎದೆ ಬಡಿದುಕೊಂಡು ಅತ್ತರಂತೆ. ಇದನ್ನು ಕಾಕಾ ಅಪ್ಪನಿಗೆ ಹೇಳಿದ್ದು. ಸೋಮನಾಥನೇ ಹೋಗಿ ಆಕೆಗೆ ಅದು ಆಟ ಎಂದು ತಿಳಿಸಿ, ಗಾಡಿಯಲ್ಲಿ ಕೂಡಿಸಿ ಊರಿಗೆ ಬಿಟ್ಟು ಬಂದ. ತನ್ನಿಂದ ಮಗಳ ಕೆಲಸಕ್ಕೆ ಧಕ್ಕೆ ಬಂತು ಎಂದು ಮಾತ್ರ ಆಕೆಗೆ ಯಾರೂ ಹೇಳಲಿಲ್ಲ. ನಿನಗೂ ಹೇಳಬಾರದು ಎಂದುಕೊಂಡೆ. ಫೋನಿನಲ್ಲಿ ನೀನು ಒಂದು ಮಾತು ಗಟ್ಟಿಯಾಗಿ ಆಡಿದರೆ ಆಕೆ ಆ ಹೊಲದಲ್ಲಿ ಒಬ್ಬಳೇ ಕೂತು ಅದನ್ನೇ ನುಂಗಬೇಕು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಡೆಸುವವಳು ಹೇಳಬಾರದ್ದು. ಆಟದ ಮೊದಲ ದಿನವೇ ಪ್ರತಿಯೊಬ್ಬರಿಗೂ ಒಂದೊಂದು ಗುಪ್ತ ಕೆಲಸ ಕೊಟ್ಟಿದ್ದೆನಲ್ಲ. ದಿವಾನನಿಗೆ ಕೊಟ್ಟದ್ದು, ಏನೇ ಆಗಲಿ ಕಾವಲುಪಡೆಯ ನಾಯಕಿಯ ಪ್ರಾಣ ಉಳಿಸುವುದು. ಔತಣದಲ್ಲಿ ನಿನ್ನನ್ನು ಕೊಲ್ಲಲಿದ್ದಾರೆ ಎಂದು ಅವನು ಪತ್ತೆ ಹಚ್ಚಿದ್ದ. ನೀನು ಹೇಳಿದರೆ ಕೇಳುವವಳಲ್ಲ, ಅದಕ್ಕೇ ಕಟ್ಟಿ ಹಾಕಿಯಾದರೂ ಔತಣ ತಪ್ಪಿಸಬೇಕು ಎಂದು ಲೆಕ್ಕ ಹಾಕಿದ. ಮೆಟ್ಟಿಲ ಮೇಲೆ ಅವನು ನನ್ನನ್ನು ಕೇಳಿದ್ದು ಇಷ್ಟೇ: "ಅಕ್ಕಾ, ಆಕಿನ್ನ ಉಳಸಲಿಕ್ಕ ಆಕಿ ಕೈಲೇ ಸಾಯಬೇಕಾದ್ರ ನಡೀತದೇನು?" ನಡೆಯುತ್ತದೆ ಎಂದಿದ್ದೆ. ಆಗ ನಿನ್ನ ಆಜ್ಞೆ ಇನ್ನೂ ಬಂದಿರಲಿಲ್ಲ.

ಪೋಲೀಸರು ವಿಜಯನ ಹತ್ತಿರ ಹೋಗಿ ದೂರು ಬರೆದುಕೊಡು ಎಂದರು. ಬರೆದುಕೊಡಲಿಲ್ಲ. ಮೆಟ್ಟಿಲಿಂದ ಜಾರಿ ಬಿದ್ದೆ ಎಂದನಂತೆ. ಅಷ್ಟು ಜನ ನೋಡಿದ್ದಾರಲ್ಲೋ ಎಂದು ನಾನು ರೇಗಿದೆ. "ಆಕಿ ಮಾಮಾನ ಮ್ಯಾಲ ಕೇಸ್ ಆದ್ರ ಆಕಿ ವರದಿಗೆ ಬರತೈತಿ ಅಕ್ಕಾ. ಓಡಿ ಓಡಿ ಗಳಿಸ್ಯಾಳ" ಎಂದ.



ಸೃಷ್ಟಿ

*

ಬಾಲಗಾಂವ
೧೬ ಫೆಬ್ರವರಿ ೨೦೨೫

ಸೃಷ್ಟಿ ಅಕ್ಕಾ,

ನಿನ್ನ ಪತ್ರಕ್ಕೆ ಎಷ್ಟು ಸಲ ಉತ್ತರ ಬರೆದು ಹರಿದೆನೋ. ಹರಿದದ್ದನ್ನು ಪಕ್ಕದ ಮಂಚದ ಹುಡುಗಿ ಒಟ್ಟುಮಾಡಿ ಒಲೆಗೆ ಹಾಕಿದಳು. ನಿನ್ನ ಫೌಜದಾರರ ವರದಿ ಜನವರಿ ನಡುವಿಗೆ ಬಂತು. ಸಾಹೇಬರು "ಹೋಗು, ಪರೇಡ್ ಮಾಡು" ಎಂದಷ್ಟೇ ಹೇಳಿದರು. ಎಲ್ಲರೂ ಖುಷಿಪಟ್ಟರು. ನನಗೆ ಆ ದಿನ ಅನ್ನ ಸೇರಲಿಲ್ಲ.

ಈಗ ಸೂಟಿ ಸಿಕ್ಕಿ ಊರಿಗೆ ಬಂದಿದ್ದೇನೆ. ಬಸ್ಸು ವಳಸಂಗದ ಮೇಲೆಯೇ ಬಂತು. ನಿಮ್ಮ ಮಾಳಿಗೆಯ ಕಿಟಕಿ ಕಂಡಿತು. ಇಳಿಯಲಿಲ್ಲ. ಮೊದಲು ಬೇರೆ ಕಡೆ ಹೋಗಬೇಕಾಗಿತ್ತು.

ಅವ್ವ ಒಂದು ಕುರಿಯ ಕಾಲು ತೊಡೆಯ ಮೇಲೆ ಹಿಡಿದು ಗೊರಸಿನ ಮುಳ್ಳು ತೆಗೆಯುತ್ತಿದ್ದಳು. "ಯವ್ವಾ, ಪಾಟೀಲರ ಮನಿಗೆ ನೀ ಹೋಗಿದ್ದೇನು?" ಎಂದೆ.

"ಹೋಗಿದ್ನಿ."

"ಅದು ಆಟಾಗಿತ್ತು."

"ಆಮ್ಯಾಲ ಹೇಳಿದ್ರು. ಆಗ ಆಟಂತ ಯಾರ ಹೇಳಿದ್ರು ನನಗ? ನನ್ನ ಮಗಳ ಕೈಕಾಲ ಕಟ್ಟರಿ ಅಂತಾರ, ಹಾಲಿನ್ಯಾಗ ಔಷಧ ಹಾಕ್ತೀನಿ ಅಂತಾರ. ತಾಯಾದಾಕಿ ಅದನ್ನ ಕೇಳಿ ಜ್ವಾಳದ ಗಂಟ ಹೊತ್ಕೊಂಡು ಸುಮ್ಮ ಬರಬೇಕಿತ್ತೇನು?"

"ಮ್ಯಾಲ ಹತ್ತಿ ಅವರನ್ನ ಒಂದ ಮಾತ ಕೇಳಬೇಕಿತ್ತಲ್ಲಬೇ."

ಅವ್ವ ಮುಳ್ಳು ಕಿತ್ತು ಬಿಸಾಡಿ ಕುರಿಯನ್ನು ಬಿಟ್ಟಳು. "ನೀ ಕೇಳಿದೇನು ಆ ಹುಡುಗನ್ನ?"

ಮಾಮಾ ಹೊಡೆದದ್ದು ಅವಳಿಗೆ ಗೊತ್ತಾಗಿದೆ, ಅಕ್ಕಾ. ಊರಿಗೆಲ್ಲ ಗೊತ್ತು. ನನ್ನ ಕೆಲಸದ ಮೇಲೆ ತೂಗುತ್ತಿದ್ದ ಕತ್ತಿಯ ವಿಷಯ ಮಾತ್ರ ನಾನು ಅವಳಿಗೆ ಹೇಳಲಿಲ್ಲ. ನೀನು ಯಾಕೆ ಹೇಳಲಿಲ್ಲ ಎಂದು ಆಗ ಅರ್ಥವಾಯಿತು.

ಮಾಮಾನಿಗೆ ನನ್ನ ಜೊತೆ ಗುಡ್ಡಾಪುರಕ್ಕೆ ಬಾ ಎಂದೆ. ಅವನು ಕಂಬಳಿ ಹೊದ್ದುಕೊಂಡು ಕೂತಲ್ಲೇ ಕೂತ. "ನೀ ಹೇಳಿದಿ, ನಾ ಹೊಡದ್ನಿ. ಈಗ ನನ್ನ ಮುಖ ನೋಡಿದ್ರ ಆ ಹುಡುಗ ಅಂಜತಾನ. ನೀನ ಹೋಗು" ಎಂದ. ನಾನು ಹೊರಟಾಗ, "ನಾ ಹಿಂದಿಂದ ಬರ್ತೀನಂತ ಹೇಳು" ಎಂದ. ಬರುತ್ತಾನೋ ಇಲ್ಲವೋ ನೋಡಬೇಕು.

ಒಬ್ಬಳೇ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ಅವತ್ತು ಜನರ ಮುಂದೆ ಹೊಡೆದದ್ದು, ಇವತ್ತು ಜನರ ಮುಂದೆಯೇ ಕೇಳಬೇಕು ಎಂದು ದಾರಿಯಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಗಲ್ಲೆಯ ಮುಂದೆ ನಿಂತು, "ವಿಜಯ, ನಿಂದು ಏನೂ ತಪ್ಪಿರಲಿಲ್ಲ. ನನ್ನ ಮಾತು ಕೇಳಿ ಮಾಮಾ ನಿನಗ ಹೊಡದ. ತಪ್ಪ ನಂದು" ಎಂದೆ. ಅವನು ಮಷೀನಿನಿಂದ ತಲೆ ಎತ್ತಲಿಲ್ಲ. ನನ್ನ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾನೆ, ನಾನು ಇಷ್ಟು ಜನರ ಮುಂದೆ ತಲೆ ತಗ್ಗಿಸಿದರೂ ಇವನಿಗೆ ಸಾಲದು ಎಂದುಕೊಂಡೆ. ನೋಡು ಅಕ್ಕಾ, ಆ ಗಳಿಗೆಯಲ್ಲೂ ನನಗೆ ಅವನ ಮೇಲೆಯೇ ಗುಮಾನಿ ಬಂತು. ಆಗ ಒಬ್ಬ ಗಿರಾಕಿ ಅವನ ಭುಜ ತಟ್ಟಿ ನನ್ನ ಕಡೆ ಕೈ ಮಾಡಿದ.

ವಿಜಯ ತಿರುಗಿ ನೋಡಿ, "ಈ ಕಡಿ ಬಂದ ಹೇಳು. ಆ ಕಿವಿ ಇನ್ನೂ ಕೇಳಂಗಿಲ್ಲ" ಎಂದ.

ಬಲಗಡೆಗೆ ಹೋಗಿ ಮತ್ತೆ ಎಲ್ಲ ಹೇಳಬೇಕಾಯಿತು. ಮೊದಲ ಸಲ ಗಟ್ಟಿಯಾಗಿ ಹೇಳಿದ್ದೆ. ಎರಡನೆಯ ಸಲ ಅವನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದೆ. ಅವನು ಕೇಳಿಸಿಕೊಂಡು, ಗಿರಾಕಿಗೆ ಪ್ರತಿಗಳನ್ನು ಕೊಟ್ಟು ಕಳಿಸಿ, ನನಗೊಂದು ಸ್ಟೂಲು ಎಳೆದ. ನಗಲಿಲ್ಲ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾ ಪಾಸಾಗದಿದ್ದದ್ದಕ್ಕ ಹೊಟ್ಟಿ ಉರಿ ಆಗಿತ್ತು" ಎಂದ. "ಸುಳ್ಳ ಯಾಕ ಹೇಳಲಿ. ನಿನ್ನ ಮುಂದ ನಕ್ಕೋತ ನಿಂದ್ರೂದು ಭಾಳ ಜಡ ಆಗತಿತ್ತು. ಆದ್ರ ಹೊಟ್ಟಿ ಉರಿ ಬ್ಯಾರೆ, ಹೊಟ್ಟಿ ಮ್ಯಾಲ ಹೊಡಿಯೂದು ಬ್ಯಾರೆ."

ನನ್ನ ಸಂಶಯ ಅರ್ಧ ನಿಜವೇ ಆಗಿತ್ತು, ಅಕ್ಕಾ. ಅದರಿಂದ ನನಗೆ ಸಮಾಧಾನವಾಗುವ ಬದಲು ಇನ್ನಷ್ಟು ನಾಚಿಕೆಯಾಯಿತು.

ನಾಯಕಿಯ ಆಜ್ಞೆಯ ವಿಷಯವನ್ನೂ ನಾನೇ ಹೇಳಿದೆ. ಔತಣಕ್ಕೆ ಮೊದಲು ದಿವಾನನನ್ನು ಕೊಲ್ಲಬೇಕೆಂದು ಬರೆದು ಕಳಿಸಿದ್ದೆ, ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದೆ. ಅವನು ಬೇಡ ಎಂದು ತಲೆ ಅಲ್ಲಾಡಿಸಿದ. ನಾಯಕಿಗೆ ಆಗ ಗೊತ್ತಿದ್ದದ್ದು ಅಷ್ಟೇ, ಹೊರಗೆ ತಿಳಿದದ್ದನ್ನು ಒಳಗೆ ತರುವುದು ಮೋಸ, ದಾಳ ಬಿದ್ದಂತೆ ಆಗಲಿ ಎಂದ. ದಿವಾನ ಸತ್ತರೆ ನನ್ನನ್ನು ಉಳಿಸುವವರು ಯಾರೂ ಇರುವುದಿಲ್ಲ ಎಂದು ನಾನು ಹೇಳಲಿಲ್ಲ. ಅವನಿಗೆ ಅದು ಗೊತ್ತೇ ಇದೆ.

ಸೂಟಿ ಮುಗಿಯುವುದರೊಳಗೆ ಒಂದು ಗುರುವಾರ ಬರುತ್ತದೆ. ನೀನು ಬಾ ಎಂದರೆ ಬರುತ್ತೇನೆ. ಅವ್ವನೂ ಬರುತ್ತಾಳಂತೆ, ಮೆಟ್ಟಿಲ ಬುಡದಲ್ಲಲ್ಲ, ಮೇಲೆ ಬಂದು ಕೂತು ನೋಡುತ್ತಾಳಂತೆ. ವಿಜಯನನ್ನೂ ಕೇಳಿದೆ, ಬರುತ್ತೀಯಾ ಎಂದು. ಅವನು ಶಟರು ಎಳೆಯುವ ಕೊಕ್ಕೆ ಕೈಗೆ ತೆಗೆದುಕೊಂಡ.

"ಬರ್ತೀನಿ" ಎಂದ. "ಆದ್ರ ನಿನ್ನ ಬಾಜೂಕ ಕುಂದ್ರಂಗಿಲ್ಲ. ಎದುರಿಗೆ ಕುಂದ್ರತೀನಿ. ನಿನ್ನ ಎರಡೂ ಕೈ ನನಗ ಕಾಣತಿರಬೇಕು."

ಮನಿಷಾ